ಕಸೆ ಕಟ್ಟಿದ ಪ್ರಮೀಳೆ, ಘಟ್ಟ ಹತ್ತಿದ ಕ್ಲೋಯಿ

ಪಶ್ಚಿಮ ಘಟ್ಟದ ಕಾಡಿನೊಳಗೆ ಕೆಸರು ಹಾರಿಸುತ್ತ ಒಂದು ಜೀಪು ಓಡುತ್ತದೆ. ಸ್ಟಿಯರಿಂಗ್ ಹಿಡಿದವಳು ಕ್ಲೋಯಿ ಫ್ರೇಜರ್, ಪಕ್ಕದಲ್ಲಿ ಕೂತವಳು ನಡೀನ್ ರಾಸ್. ಇಬ್ಬರೂ ಹುಡುಕುತ್ತಿರುವುದು ಗಣಪತಿಯ ದಂತವನ್ನು. ಕಥೆಯಲ್ಲಿ ಬರುವ ಊರುಗಳು ಹಳೇಬೀಡು ಮತ್ತು ಬೇಲೂರು. ಹೊಯ್ಸಳರ ನಾಣ್ಯದಂಥ ಬಿಲ್ಲೆಗಳು ಕಾಡಿನಲ್ಲಿ ಅಲ್ಲಲ್ಲಿ ಅಡಗಿವೆ, ಎಲ್ಲವನ್ನೂ ಕೂಡಿಸಿದರೆ ರಾಣಿಯ ಮಾಣಿಕ್ಯ ಸಿಗುತ್ತದೆ. ಅಮೆರಿಕದ ನಾಟಿ ಡಾಗ್ ಎಂಬ ಕಂಪನಿ ಮಾಡಿ 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಿಟ್ಟ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ವಿಡಿಯೊ ಗೇಮಿನ ಕಥೆ ಇದು. ಕರ್ನಾಟಕದ ನೆಲವನ್ನೇ ರಂಗಸ್ಥಳ ಮಾಡಿಕೊಂಡ ದೊಡ್ಡ ಬಜೆಟ್ಟಿನ ವಿದೇಶಿ ಗೇಮು ಬೇರೆ ಯಾವುದಿದೆ? ನನಗಂತೂ ಹೊಳೆಯುತ್ತಿಲ್ಲ. ಅದರ ಕಥಾನಾಯಕರು ಇಬ್ಬರೂ ಹೆಂಗಸರು.

ಬೈಂದೂರು ತಾಲೂಕಿನ ಶಿರೂರಿನಲ್ಲಿ (2024ರ ಜುಲೈಯಲ್ಲಿ ಗುಡ್ಡ ಕುಸಿದು ಸುದ್ದಿಯಾದದ್ದು ಅಂಕೋಲೆಯ ಶಿರೂರು, ಇದು ಬೇರೆ) ಹೆದ್ದಾರಿಯ ಮೇಲೆ ನಿಂತು ಪೂರ್ವಕ್ಕೆ ತಿರುಗಿದರೆ ಕಾಣುವುದು ಅದೇ ಘಟ್ಟ. ತೂದಳ್ಳಿಯ ಕಡೆಯಿಂದ ಕಾಡಿಗೆ ಇಳಿದರೆ ಕೂಸಳ್ಳಿ ಜಲಪಾತ. ಗಲ್ಫಿನಿಂದ ರಜೆಗೆ ಬರುವವರ ಸಾಮಾನಿನಲ್ಲಿ ಪ್ಲೇಸ್ಟೇಷನ್ ಬಂದಿಳಿದ ಮನೆಗಳು ಈ ಕರಾವಳಿಯಲ್ಲಿ ಬೇಕಾದಷ್ಟಿವೆ. ಅಲ್ಲಿ ಟಿವಿಯ ಮುಂದೆ ಕೂತ ಹುಡುಗನೊಬ್ಬ ಕಿಟಕಿಯಾಚೆಗೆ ಕಾಣುವ ಬೆಟ್ಟವನ್ನೇ ಪರದೆಯ ಮೇಲೆ ಹತ್ತಬಹುದು. ಹತ್ತಬೇಕಾದರೆ ಅವನು ಕ್ಲೋಯಿಯಾಗಬೇಕು. ಈ ಗೇಮಿನ ಕಥೆಯಲ್ಲಿ ಗಂಡು ಪಾತ್ರ ಆರಿಸಿಕೊಳ್ಳುವ ಅವಕಾಶವೇ ಇಲ್ಲ.

ಗಂಡು ಹೆಣ್ಣಿನ ವೇಷ ತೊಡುವುದು ಈ ಊರುಗಳಿಗೆ ಹೊಸತೇನಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕ್ಲೋಯಿಯ ಹಿನ್ನೆಲೆ.

ಅವಳು ಹುಟ್ಟಿದ್ದು 2009ರ ‘ಅನ್‌ಚಾರ್ಟೆಡ್ 2’ರಲ್ಲಿ. ಅಲ್ಲಿ ನೇಥನ್ ಡ್ರೇಕ್ ಎಂಬ ನಾಯಕನ ಹಳೆಯ ಪ್ರೇಯಸಿ, ಪೂರ್ತಿ ನಂಬಲಾಗದ ಚೆಲುವೆ. ನಾಯಕನಿಗೆ ಇನ್ನೊಬ್ಬ ಹುಡುಗಿಯೂ ಇದ್ದಳು, ಪತ್ರಕರ್ತೆ, ಒಳ್ಳೆಯವಳು. ಒಬ್ಬಳು ಒಳ್ಳೆಯವಳಾದರೆ ಇನ್ನೊಬ್ಬಳು ಚಾಲಾಕಿಯಾಗಲೇಬೇಕು ಎಂಬ ಹಳೆಯ ಸಿನಿಮಾ ಲೆಕ್ಕ. ಎಂಟು ವರ್ಷದ ಬಳಿಕ ಅದೇ ಕ್ಲೋಯಿಗೆ ಸ್ವಂತ ಗೇಮು ಸಿಕ್ಕಿತು. ಅದು ಮೊದಲು ‘ಅನ್‌ಚಾರ್ಟೆಡ್ 4’ಕ್ಕೆ ಬಾಲದಂತೆ ಅಂಟಿಸಬೇಕಿದ್ದ ಸಣ್ಣ ಅಧ್ಯಾಯ, ಬೆಳೆಯುತ್ತ ಬೆಳೆಯುತ್ತ ಬೇರೆ ಗೇಮೇ ಆಯಿತು. ಈ ಸಲ ಅವಳಿಗೆ ಭಾರತದ ಅಪ್ಪ ಸಿಕ್ಕಿದ, ಹೊಯ್ಸಳರ ನಿಧಿಯ ಬೆನ್ನುಹತ್ತಿ ಸತ್ತ ಪುರಾತತ್ತ್ವಜ್ಞ. ಪ್ರೇಮಿ ಬೇಕಾಗಲಿಲ್ಲ. ಕೆಂಪು ಅಂಗಿ, ಗಟ್ಟಿ ಪ್ಯಾಂಟು, ಬೂಟು, ಸೊಂಟದಲ್ಲಿ ಹಗ್ಗ. ಜತೆಗಾರ್ತಿ ನಡೀನ್ ದಕ್ಷಿಣ ಆಫ್ರಿಕಾದ ಕೂಲಿ ಸೈನ್ಯವೊಂದರ ಮುಖ್ಯಸ್ಥೆಯಾಗಿದ್ದವಳು. ಇಬ್ಬರೂ ಜಗಳವಾಡುತ್ತಾರೆ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾರೆ, ಕಲ್ಲಿನಡಿ ಸಿಕ್ಕಿಬಿದ್ದ ಆನೆಯನ್ನು ಬಿಡಿಸಿ ಅದರ ಮೇಲೆ ಕೂತು ಹೋಗುತ್ತಾರೆ. ಇಡೀ ಗೇಮಿನಲ್ಲಿ ನನಗೆ ತುಂಬ ಹಿಡಿಸಿದ ಭಾಗ ಆ ಆನೆ ಸವಾರಿ. ಗುಂಡಿಲ್ಲ, ಗುರಿಯಿಲ್ಲ, ಇಬ್ಬರು ಹೆಂಗಸರು ಕಾಡು ನೋಡುತ್ತಾರೆ, ಅಷ್ಟೆ.

ಭೂಗೋಳ ಮಾತ್ರ ಕೇಳಬೇಡಿ. ಬೇಲೂರು ಹಳೇಬೀಡುಗಳ ನಡುವೆ ಬಸ್ಸಿನಲ್ಲಿ ಹದಿನಾರು ಕಿಲೋಮೀಟರು, ದಾರಿಯುದ್ದಕ್ಕೂ ಹೊಲ ತೋಟ. ಗೇಮಿನಲ್ಲಿ ಅವು ಜಲಪಾತಗಳ ಹಿಂದೆ ಅಡಗಿದ ಮಹಾನಗರಗಳು. ಹೊಯ್ಸಳರ ಮೂಲ ಊರಾದ ಸೊಸೆವೂರು, ಅಂದರೆ ಮೂಡಿಗೆರೆ ತಾಲೂಕಿನ ಅಂಗಡಿ, ಘಟ್ಟದ ಸೆರಗಿನಲ್ಲಿ ಇರುವುದರಿಂದ ಅರ್ಧ ಕ್ಷಮಿಸಬಹುದು. ಪರಶುರಾಮ ತನ್ನ ಕೊಡಲಿಯಿಂದ ಗಣಪತಿಯ ದಂತ ಮುರಿದ ಕಥೆ ಗೇಮಿನ ಬೆನ್ನೆಲುಬು. ಪರಶುರಾಮ ಸೃಷ್ಟಿಯೆಂದೇ ಕರೆಸಿಕೊಳ್ಳುವ ಕರಾವಳಿಯವರಿಗೆ ಆ ಕೊಡಲಿ ಮನೆಯ ಕತ್ತಿಯಷ್ಟು ಪರಿಚಿತ. ಹೊಯ್ಸಳ ಎಂದ ಕೂಡಲೇ ವಿದೇಶಿಯರಿಗೆ ಹೊಳೆದದ್ದು ಅರಸು, ಆನೆ, ನಿಧಿ. ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಹೊಳೆಯಲಿಲ್ಲ. ಅಳುಪ ಮನೆತನದ ಆಕೆ ಇದೇ ಸೀಮೆಯ ಬಾರಕೂರಿನಿಂದ, ಅಳುಪ ಅರಸರ ಬಿರುದುಗಳನ್ನೇ ಹೊತ್ತು, 14ನೆಯ ಶತಮಾನದಲ್ಲಿ ನಾಡಾಳಿದವಳು. ಬಾರಕೂರು ಈಗ ಬ್ರಹ್ಮಾವರ ತಾಲೂಕಿನಲ್ಲಿದೆ. ಶಿರೂರಿನಿಂದ ಉತ್ತರಕ್ಕೆ ಹೊರಟರೆ ಬೇಗನೆ ಸಿಗುವ ಭಟ್ಕಳ, ಹಾಡುವಳ್ಳಿಗಳು ಪೋರ್ಚುಗೀಸರ ಜತೆ ಕರಿಮೆಣಸಿನ ವ್ಯಾಪಾರ ಮತ್ತು ಯುದ್ಧ ಎರಡನ್ನೂ ನಡೆಸಿದ ಚೆನ್ನಭೈರಾದೇವಿಯ ನೆಲ. ಹೆಣ್ಣು ಪಾತ್ರಕ್ಕೆ ಸಾಮಗ್ರಿ ಕಡಿಮೆಯಿದೆ ಎಂದು ಈ ತೀರದಲ್ಲಿ ನಿಂತು ಯಾರೂ ಹೇಳುವ ಹಾಗಿಲ್ಲ.

ಕ್ಲೋಯಿಯ ಹಿಂದಿನ ಮೂವತ್ತೈದು ವರ್ಷಗಳ ಕಥೆ ಅಷ್ಟು ಚಂದವಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ಟಿನ ಗೇಮುಗಳು ನೆನಪಿರುವವರಿಗೆ ಮಾರಿಯೋ ಗೊತ್ತು. 1981ರ ‘ಡಾಂಕಿ ಕಾಂಗ್’ನಲ್ಲಿ ದೈತ್ಯ ಗೊರಿಲ್ಲ ಹೊತ್ತೊಯ್ದ ಹುಡುಗಿಗಾಗಿ ಏಣಿ ಹತ್ತಿದವನು ಅವನೇ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ರಾಜಕುಮಾರಿಗಾಗಿ ಎಂಟು ಲೋಕ ಅಲೆದವನೂ ಅವನೇ. ಒಂದೊಂದು ಲೋಕದ ಕೋಟೆ ಮುರಿದಾಗಲೂ ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎಂಬ ಸುದ್ದಿ. ಎಂಟನೆಯದಕ್ಕೆ ಮುಟ್ಟುವಷ್ಟರಲ್ಲಿ ನಮ್ಮ ಕಡೆ ಕರೆಂಟು ಹೋಗಿರುತ್ತಿತ್ತು. ಹಾಗಾಗಿ ಆ ರಾಜಕುಮಾರಿಯ ಮುಖ ನೋಡದೆ ದೊಡ್ಡವರಾದವರೇ ಹೆಚ್ಚು.

ಹೆಣ್ಣಿನ ಅಪಹರಣ ನಮ್ಮ ಕಥೆಗಳಲ್ಲೂ ಇದೆ, ಅದರಲ್ಲಿ ಮೂಗು ಮುರಿಯುವಂಥದ್ದಿಲ್ಲ. ಆದರೆ ಯಕ್ಷಗಾನ ರಂಗಸ್ಥಳದ ಸೀತೆ ಅಶೋಕವನದಲ್ಲಿ ರಾವಣನ ಮುಖಕ್ಕೆ ಮುಖ ಕೊಟ್ಟು ಅರ್ಥ ಹೇಳುತ್ತಾಳೆ. ಒಳ್ಳೆಯ ಕಲಾವಿದನಾದರೆ ರಾವಣ ವೇಷಧಾರಿಗೆ ಬೆವರು ಇಳಿಯುತ್ತದೆ. ಮಾರಿಯೋನ ರಾಜಕುಮಾರಿಗೆ ಇದ್ದದ್ದು ಕೊನೆಯಲ್ಲಿ ಎರಡು ಸಾಲು ಕೃತಜ್ಞತೆ. ಅವಳು ಪಾತ್ರವಾಗಿರಲಿಲ್ಲ, ಬಹುಮಾನವಾಗಿದ್ದಳು. 2005ರಲ್ಲಿ ‘ಸೂಪರ್ ಪ್ರಿನ್ಸೆಸ್ ಪೀಚ್’ ಎಂಬ ಗೇಮಿನಲ್ಲಿ ಅದೇ ರಾಜಕುಮಾರಿಯನ್ನು ನಾಯಕಿ ಮಾಡಿದರು. ಆಗ ಅವಳಿಗೆ ಕೊಟ್ಟ ಶಕ್ತಿಗಳು ಅಳು, ಸಿಟ್ಟು, ನಗು, ಸಮಾಧಾನ. ಅತ್ತರೆ ಕಣ್ಣೀರಿನಿಂದ ಗಿಡ ಬೆಳೆಯುತ್ತದೆ. ಮಾಡಿದವರಿಗೆ ಇದು ತಮಾಷೆ ಎನ್ನಿಸಿರಬೇಕು.

1986ರ ‘ಮೆಟ್ರಾಯ್ಡ್’ ಇದಕ್ಕಿಂತ ವಿಚಿತ್ರ. ತಲೆಯಿಂದ ಪಾದದವರೆಗೆ ಲೋಹದ ಕವಚ ತೊಟ್ಟ ಸ್ಯಾಮಸ್ ಆರನ್ ಎಂಬ ಯೋಧ ಅನ್ಯಗ್ರಹದ ಸುರಂಗಗಳಲ್ಲಿ ಹೋರಾಡುತ್ತಾನೆ. ಇಂಗ್ಲಿಷ್ ಕೈಪಿಡಿಯಲ್ಲೂ ‘ಅವನು’ ಎಂದೇ ಬರೆದಿದ್ದರು. ಗೇಮನ್ನು ಬೇಗ ಮುಗಿಸಿದರೆ ಕೊನೆಯಲ್ಲಿ ಆ ಯೋಧ ಹೆಣ್ಣೆಂದು ಗೊತ್ತಾಗುತ್ತದೆ. ಆಟಗಾರರು ಬೆಚ್ಚಿಬಿದ್ದರು, ಅದು ನಿಜವಾಗಿಯೂ ಒಳ್ಳೆಯ ಹೊಳಹು. ಆದರೆ ಅದರ ಜತೆ ಇನ್ನೊಂದು ಲೆಕ್ಕವೂ ಇತ್ತು. ಗೇಮನ್ನು ಎಷ್ಟು ಬೇಗ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆಯಲ್ಲಿ ಅವಳು ಕಾಣಿಸುತ್ತಾಳೆ. ಅಲ್ಲಿಯವರೆಗೆ ನೀವೇ ಅವಳಾಗಿದ್ದಿರಿ, ಕೊನೆಯ ಚಿತ್ರದಲ್ಲಿ ಅವಳು ನಿಮಗೆ ಸಿಗುವ ಬಹುಮಾನ.

ಆಮೇಲೆ ಬಂದಳು ಲಾರಾ ಕ್ರಾಫ್ಟ್. ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಕಂಪನಿಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಈಕೆ 1996ರ ‘ಟೂಂಬ್ ರೈಡರ್’ನ ನಾಯಕಿ. ಓದಿದವಳು, ಶ್ರೀಮಂತೆ, ಎರಡೂ ಕೈಯಲ್ಲಿ ಪಿಸ್ತೂಲು, ಯಾರ ರಕ್ಷಣೆಯೂ ಬೇಡ. ಹೆಣ್ಣೊಬ್ಬಳ ಹೆಸರಿನ ಮೇಲೆ ವಿಡಿಯೊ ಗೇಮು ಲೋಕದಲ್ಲಿ ದೊಡ್ಡ ವ್ಯಾಪಾರವೇ ನಡೆಯಿತು. ಆದರೆ ಪೆರುವಿನ ಹಿಮ ಬಿದ್ದ ಗುಹೆಗೂ ಅವಳು ಹೊಕ್ಕದ್ದು ಗಿಡ್ಡ ಚಡ್ಡಿಯಲ್ಲಿ. 1998ರ ಮೂರನೇ ಕಂತು ಶುರುವಾಗುವುದೇ ಭಾರತದ ಕಾಡಿನಲ್ಲಿ, ಅಲ್ಲೂ ಅದೇ ಚಡ್ಡಿ. ಮಳೆಗಾಲದಲ್ಲಿ ಕೂಸಳ್ಳಿಯ ದಾರಿ ಹಿಡಿದವರು ಯಾರೂ ಆ ಉಡುಪನ್ನು ಆರಿಸಲಾರರು, ಹತ್ತು ಹೆಜ್ಜೆಗೆ ಉಂಬಳ ತಕ್ಕ ಬುದ್ಧಿ ಕಲಿಸುತ್ತದೆ. ಲಾರಾಳ ಜಾಹೀರಾತಿಗೆ ಕಂಪನಿ ಜೀವಂತ ರೂಪದರ್ಶಿಯರನ್ನು ನೇಮಿಸಿತು, ಪತ್ರಿಕೆಗಳ ಮುಖಪುಟದಲ್ಲಿ ಅವಳ ಚಿತ್ರ ಬಂತು. ಗಾರ್ಡ್ 1997ರಲ್ಲೇ ಕಂಪನಿ ಬಿಟ್ಟರು. 2013ರಲ್ಲಿ ಲೇಖಕಿ ರಿಯಾನಾ ಪ್ರಾಚೆಟ್ ಕಥೆ ಬರೆದು ಲಾರಾಳನ್ನು ಮತ್ತೆ ರೂಪಿಸಿದಾಗ ಅವಳ ಕಾಲಿಗೆ ಪ್ಯಾಂಟು ಬಂತು. ಮೈ ಮನುಷ್ಯರ ಮೈಯಾಯಿತು.

ಈಗ ಯಕ್ಷಗಾನದ ಮಾತು. ಬಡಗುತಿಟ್ಟಿನಲ್ಲಿ ಸ್ತ್ರೀವೇಷವೆಂದರೆ ಎಲ್ಲವೂ ಒಂದೇ ನಮೂನೆಯಲ್ಲ. ದಮಯಂತಿ, ಚಂದ್ರಮತಿಯರದ್ದು ಗರತಿ ವೇಷ. ಪ್ರಮೀಳೆ, ಮೀನಾಕ್ಷಿಯರಂಥ ಯುದ್ಧಕ್ಕೆ ನಿಲ್ಲುವ ಹೆಣ್ಣುಗಳದ್ದು ಕಸೆ ಸ್ತ್ರೀವೇಷ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ತಲೆಗೆ ಕಿರೀಟವೇರಿಸಿ, ಕೈಯಲ್ಲಿ ಬಿಲ್ಲುಬಾಣ ಹಿಡಿದು ಬರುವ ಪ್ರಮೀಳೆಯ ಹೆಜ್ಜೆಯಲ್ಲಿ ಲಾಲಿತ್ಯ ಇದ್ದರೂ ಅದು ಅರಸಿನ ಹೆಜ್ಜೆ. ಅರಸರ ವೈಭವದ ರಂಗಪ್ರವೇಶವಾದ ಒಡ್ಡೋಲಗ ಅವಳಿಗೂ ಉಂಟು. ಅವಳು ಹೆಣ್ಣೆಂಬುದನ್ನು ಯಾರೂ ಮರೆಯುವುದಿಲ್ಲ, ಯುದ್ಧಕ್ಕೆ ಬಂದವಳು ಎಂಬುದನ್ನೂ ಮರೆಯುವುದಿಲ್ಲ. ಈ ವೇಷವನ್ನು ಕಟ್ಟಿದವರು ಗಂಡಸರು, ತೊಟ್ಟವರು ಗಂಡಸರು, ಬಯಲಿನಲ್ಲಿ ಕೂತು ನೋಡಿದವರಲ್ಲೂ ಒಂದು ಕಾಲಕ್ಕೆ ಗಂಡಸರೇ ಹೆಚ್ಚು. ಅಂದ ಮೇಲೆ ಗಂಡಸರು ಮಾಡಿದ ಹೆಣ್ಣು ಪಾತ್ರ ಹೀಗೇ ಇರುತ್ತದೆ, ಬೇರೆ ಹೇಗೆ ಇರಲು ಸಾಧ್ಯ ಎನ್ನುವವರ ವಾದ ಇಲ್ಲಿ ಬಿದ್ದುಹೋಗುತ್ತದೆ. ಪ್ರಮೀಳೆಯನ್ನು ಮಾಡಿದವರಿಗೂ ಲಾರಾಳನ್ನು ಮಾಡಿದವರಿಗೂ ವ್ಯತ್ಯಾಸ ಗಂಡಸುತನದ್ದಲ್ಲ. ಒಬ್ಬರು ಪಾತ್ರದ ಕೆಲಸ ನೋಡಿ ಬಟ್ಟೆ ಹೊಲಿದರು, ಇನ್ನೊಬ್ಬರು ನೋಡುವವನ ಕಣ್ಣು ನೋಡಿ ಹೊಲಿದರು.

ಕಣ್ಣಿಗೆಂದೇ ಮಾಡಿದ ಹೆಣ್ಣು ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಇರುವುದೇ ನೋಡಲಿಕ್ಕೆ. 1117ರ ಆ ಗುಡಿಯ ಸೂರಿನಡಿಯಲ್ಲಿ ಕನ್ನಡಿ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತಾಡುವವಳು, ಬಾಗಿ ಕುಣಿಯುವವಳು ಎಲ್ಲರೂ ಇದ್ದಾರೆ, ಬೇಟೆಗೆ ಹೊರಟವಳೂ ಇದ್ದಾಳೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥ ಶಿಲ್ಪಿಗಳು ಕೆಳಗೆ ತಮ್ಮ ಹೆಸರನ್ನೂ ಕೊರೆದಿದ್ದಾರೆ. ಸೌಂದರ್ಯವೇ ಅವಳ ಕಸುಬಾದಾಗ ಅಲಂಕಾರ ಅವಳ ಉಪಕರಣ. ಬಂಡೆ ಹತ್ತುವವಳಿಗೆ, ಗುಂಡು ಹಾರಿಸುವವಳಿಗೆ ಅದೇ ಅಲಂಕಾರ ತೊಡಿಸಿದಾಗ ಪಾತ್ರ ಸುಳ್ಳಾಗುತ್ತದೆ. ಖಡ್ಗ ಹಿಡಿದ ನಾಯಕನಿಗೆ ಕುತ್ತಿಗೆಯವರೆಗೆ ಉಕ್ಕು, ಅವನ ಪಕ್ಕದ ನಾಯಕಿಗೆ ಎದೆ ಸೊಂಟಕ್ಕೆ ಮಾತ್ರ ಉಕ್ಕು, ಇಂಥ ಗೇಮುಗಳು ನೂರಾರು ಬಂದಿವೆ. ಬಾಣ ಹೊಟ್ಟೆಗೆ ಬಂದರೆ ಅವಳು ಏನು ಮಾಡಬೇಕು ಎಂದು ಯಾರೂ ಯೋಚಿಸಿದಂತಿಲ್ಲ.

ಹಾಗೆಂದು ಯಕ್ಷಗಾನವನ್ನು ಎತ್ತಿ ತಲೆಯ ಮೇಲೆ ಕೂರಿಸಿಕೊಳ್ಳುವುದೂ ಬೇಡ. ವೇಷ ಗೆಲ್ಲಿಸಿದ ಹೆಣ್ಣನ್ನು ಪ್ರಸಂಗ ಸೋಲಿಸುತ್ತದೆ. ಸ್ತ್ರೀರಾಜ್ಯದ ಪ್ರಮೀಳೆ ಅಶ್ವಮೇಧದ ಕುದುರೆ ಕಟ್ಟಿ ಅರ್ಜುನನನ್ನೇ ಕಂಗೆಡಿಸುತ್ತಾಳೆ. ಕೊನೆಗೆ ಅಶರೀರವಾಣಿಯಾಗುತ್ತದೆ, ಮದುವೆಯಾಗುತ್ತದೆ, ಮಂಗಳ. ದಿಕ್ಕುಗಳನ್ನು ಗೆದ್ದ ಮೀನಾಕ್ಷಿ ಕೈಲಾಸದಲ್ಲಿ ಶಿವನನ್ನು ಕಂಡ ಗಳಿಗೆಯಲ್ಲಿ ಅವಳ ಮೂರನೆಯ ಮೊಲೆ ಮಾಯವಾಗಿ ನಾಚಿ ತಲೆತಗ್ಗಿಸುತ್ತಾಳೆ. ಗೆದ್ದ ಹೆಣ್ಣಿಗೆ ಮದುವೆಯೇ ಮುಕ್ತಾಯ. ಅಂಬೆಯೊಬ್ಬಳು ಭೀಷ್ಮನ ಮುಂದೆ ಕೊನೆಯವರೆಗೆ ಸಿಟ್ಟು ಬಿಡುವುದಿಲ್ಲ, ಅದಕ್ಕೇ ಸ್ತ್ರೀವೇಷದ ದೊಡ್ಡ ಕಲಾವಿದರಿಗೆ ಆ ಪಾತ್ರದ ಮೇಲೆ ಅಷ್ಟು ಮೋಹ. ವಿಡಿಯೊ ಗೇಮಿನಲ್ಲಿ ಬಹುಕಾಲ ಇದು ತಿರುಗುಮುರುಗಾಗಿತ್ತು. ಲಾರಾಳನ್ನು ಕಥೆ ಮದುವೆ ಮಾಡಿ ಕೂರಿಸಿ ಸೋಲಿಸಲಿಲ್ಲ. ಸೋಲಿಸಿದ್ದು ವೇಷ.

ಯಕ್ಷಗಾನಕ್ಕೆ ಇನ್ನೊಂದು ಅನುಕೂಲವೂ ಇದೆ. ಪದ್ಯ ಬರೆದಿಟ್ಟದ್ದಾದರೂ ಅರ್ಥ, ಅಂದರೆ ಪಾತ್ರದ ಮಾತು, ಆ ರಾತ್ರಿಯದ್ದು. ಪ್ರಸಂಗಕರ್ತ ಪ್ರಮೀಳೆಗೆ ಮದುವೆ ಮಾಡಿಸಿದರೂ ಸ್ತ್ರೀವೇಷಧಾರಿ ಅರಾಟೆ ಮಂಜುನಾಥರಂಥವರು ಮಾತಿನಲ್ಲಿ ಅವಳ ಪಾಲನ್ನು ವಸೂಲು ಮಾಡಬಲ್ಲರು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜತೆ ಸೇರಿ ಏಕವ್ಯಕ್ತಿ ಯಕ್ಷಗಾನ ಕಟ್ಟಿದಾಗ ‘ಭಾಮಿನಿ’ಯಂಥ ರೂಪಕದಲ್ಲಿ ರಂಗಸ್ಥಳವನ್ನು ಪೂರ್ತಿಯಾಗಿ ಹೆಣ್ಣಿನ ಮನಸ್ಸಿಗೇ ಬಿಟ್ಟುಕೊಟ್ಟರು. ಗೇಮಿನ ಪಾತ್ರಕ್ಕೆ ಆ ರಾತ್ರಿಯ ಅರ್ಥ ಇಲ್ಲ. ಅವಳ ಮಾತು, ನಡಿಗೆ, ಉಸಿರು ಎಲ್ಲವೂ ಮೂರ್ನಾಲ್ಕು ವರ್ಷ ಮೊದಲೇ ನಿಗದಿಯಾಗಿರುತ್ತದೆ. ಆದ್ದರಿಂದ ನಿಗದಿ ಮಾಡುವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ಮುಖ್ಯ.

ಗೇಮಿನ ಪಾತ್ರವೆಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಒಂದು ಎಲುಬುಗೂಡು, ಅದರ ಮೇಲೆ ಚರ್ಮ, ಬಟ್ಟೆ. ಎಲುಬುಗೂಡಿಗೆ ಓಡು, ಹತ್ತು, ಬಗ್ಗು, ಬೀಳು ಎಂಬ ಚಲನೆಗಳನ್ನು ಒಂದೊಂದಾಗಿ ಕಲಿಸಬೇಕು. ಇಲ್ಲಿ ನಟರ ಮೈಗೆ ಬಿಂದು ಅಂಟಿಸಿ ಅವರ ಚಲನೆಯನ್ನೇ ಹಿಡಿಯುವುದುಂಟು. 2014ರಲ್ಲಿ ಯೂಬಿಸಾಫ್ಟ್ ಕಂಪನಿಯ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ಯಲ್ಲಿ ನಾಲ್ವರು ಸೇರಿ ಆಡಬಹುದಾಗಿತ್ತು, ನಾಲ್ವರೂ ಗಂಡಸರೇ. ಹೆಣ್ಣೇಕಿಲ್ಲ ಎಂದು ಕೇಳಿದಾಗ ಅದರ ನಿರ್ದೇಶಕ ಅಲೆಕ್ಸ್ ಅಮಾನ್ಸಿಯೊ ಕೊಟ್ಟ ಕಾರಣ: ಚಲನೆ, ಧ್ವನಿ, ಉಡುಪು ಎಲ್ಲವನ್ನೂ ಎರಡೆರಡು ಸಲ ಮಾಡಬೇಕು, ಕೆಲಸ ಇಮ್ಮಡಿಯಾಗುತ್ತದೆ. ಅದೇ ಸರಣಿಯಲ್ಲಿ ಹಿಂದೆ ದುಡಿದಿದ್ದ ಆ್ಯನಿಮೇಟರ್ ಜೊನಾಥನ್ ಕೂಪರ್ ಇದಕ್ಕೆ ಬಹಿರಂಗವಾಗಿಯೇ ಉತ್ತರಿಸಿದರು. ಅವರ ಅಂದಾಜಿನಲ್ಲಿ ಅದು ಒಂದೆರಡು ದಿನದ ಕೆಲಸ. ಗಂಡಿನ ಹೆಚ್ಚಿನ ಚಲನೆಗಳು ಹೆಣ್ಣಿಗೂ ಸಲ್ಲುತ್ತವೆ. ಗೋಡೆ ಹತ್ತುವಾಗ ಸೊಂಟ ಬಳುಕಬೇಕೆಂದು ಯಾರೂ ಒತ್ತಾಯಿಸದಿದ್ದರೆ ಗೋಡೆ ಹತ್ತುವುದು ಎಲ್ಲರಿಗೂ ಒಂದೇ.

ಬಳುಕಬೇಕೆಂದು ಒತ್ತಾಯಿಸಿದವರೂ ಇದ್ದಾರೆ. ‘ಡೆಡ್ ಆರ್ ಅಲೈವ್’ ಎಂಬ ಜಪಾನಿನ ಕಾದಾಟದ ಗೇಮು ಎದೆಯ ಕುಲುಕಾಟಕ್ಕಾಗಿಯೇ ಪ್ರಸಿದ್ಧ. ಅದು ಎಷ್ಟಿರಬೇಕೆಂದು ಆಡುವವನೇ ಹೊಂದಿಸಿಕೊಳ್ಳುವ ಸೌಲಭ್ಯವೂ ಇತ್ತು. ಅಷ್ಟು ಗಣಿತಕ್ಕೆ ಸಮಯ ಸಿಕ್ಕಿತ್ತು ಎಂಬುದನ್ನು ನೆನಪಿಟ್ಟುಕೊಂಡು ಅಮಾನ್ಸಿಯೊ ಅವರ ಲೆಕ್ಕವನ್ನು ಓದಬೇಕು.

ಮೊಬೈಲಿನ ಗೇಮುಗಳಲ್ಲಿ ಕಾರಣ ಇನ್ನೂ ಸರಳ: ಬಟ್ಟೆಯೇ ಅಂಗಡಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಎಂಬ ಗುಂಡಿನ ಕಾಳಗದ ಗೇಮು ಭಾರತದಲ್ಲಿ ನಿಷೇಧವಾಗಿ, 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ಬಂದದ್ದು ಶಿರೂರಿನ ಬಂದರಿನ ಹುಡುಗರಿಗೂ ಗೊತ್ತು. ಆಡಲಿಕ್ಕೆ ದುಡ್ಡು ಬೇಡ. ಆದರೆ ಪಾತ್ರಕ್ಕೆ ತೊಡಿಸುವ ಸ್ಕಿನ್ನಿಗೆ ಯುಸಿ ಎಂಬ ಗೇಮಿನೊಳಗಿನ ನಾಣ್ಯ ಬೇಕು, ಯುಸಿಗೆ ರೂಪಾಯಿ ಬೇಕು. ಯಾವ ಉಡುಪು ತೊಟ್ಟರೂ ಗುಂಡಿನ ಪೆಟ್ಟು ಅಷ್ಟೇ, ಓಟವೂ ಅಷ್ಟೇ. ಕೊಳ್ಳುವುದು ನೋಟವನ್ನು ಮಾತ್ರ. ಕ್ಯಾಮೆರಾ ಪಾತ್ರದ ಬೆನ್ನ ಹಿಂದೆಯೇ ಇರುವುದರಿಂದ ಆಡುವವನು ಗಂಟೆಗಟ್ಟಲೆ ನೋಡುವುದು ಆ ಬೆನ್ನನ್ನೇ. ಹೆಣ್ಣು ಪಾತ್ರ ಯಾಕೆ ಇಟ್ಟುಕೊಂಡೆ ಎಂದು ಪಿಯುಸಿ ಹುಡುಗನೊಬ್ಬನನ್ನು ಕೇಳಿದ್ದಕ್ಕೆ, “ಗಂಡಿನ್ ಬೆನ್ನ್ ಎಷ್ಟೊತ್ತ್ ಕಾಂಬುದ್? ಹೆಣ್ಣಾರೆ ಕಾಂಬುಕಾರೂ ಚಂದ ಇತ್ತ್” ಎಂದ. ಜಗತ್ತಿನ ಎಲ್ಲ ಕಡೆಯ ಹುಡುಗರೂ ಇದೇ ಉತ್ತರ ಕೊಡುತ್ತಾರೆ, ಇವನದ್ದು ಕುಂದಾಪ್ರ ಕನ್ನಡದಲ್ಲಿ ಇತ್ತು ಅಷ್ಟೆ. ಅವನನ್ನು ಬೈಯುವುದರಿಂದ ಏನೂ ಆಗದು. ಬೆನ್ನು ಕಾಣುವ ಕಡೆ ಅಂಗಡಿ ಇಟ್ಟವರಿಗೆ ಅವನ ಉತ್ತರ ಅವನಿಗಿಂತ ಮೊದಲೇ ಗೊತ್ತಿತ್ತು.

ದೇವಿಯರ ವಿಷಯಕ್ಕೆ ಬಂದಾಗ ನಮ್ಮವರು ಸಿಟ್ಟಾದದ್ದುಂಟು. ದೇವದೇವತೆಗಳು ಪರಸ್ಪರ ಹೊಡೆದಾಡುವ ‘ಸ್ಮೈಟ್’ ಎಂಬ ಅಮೆರಿಕದ ಗೇಮಿನಲ್ಲಿ ಕಾಳಿಯನ್ನು ಅರೆಬಟ್ಟೆಯಲ್ಲಿ ತೋರಿಸಿದ್ದಕ್ಕೆ 2012ರಲ್ಲಿ ಅಲ್ಲಿನ ಹಿಂದೂ ಮುಖಂಡ ರಾಜನ್ ಝೆಡ್ ಪ್ರತಿಭಟಿಸಿದರು. 2016ರಲ್ಲಿ ‘ಓವರ್‌ವಾಚ್’ನ ಸಿಮ್ಮೆಟ್ರಾ ಎಂಬ ಭಾರತೀಯ ಪಾತ್ರಕ್ಕೆ ‘ದೇವಿ’ ಹೆಸರಿನ ಉಡುಪು ತೊಡಿಸಿದಾಗಲೂ ಆಕ್ಷೇಪ ಎತ್ತಿದವರು ಅವರೇ. ಆಕ್ಷೇಪದಲ್ಲಿ ಎರಡು ಎಳೆಗಳಿದ್ದವು. ದೇವಿಯ ರೂಪ ಕೆಡಿಸಿದ್ದು ಒಂದು, ದೇವಿಯನ್ನು ಆಟಗಾರನ ಬೆರಳಿಗೆ ಒಪ್ಪಿಸಿದ್ದು ಇನ್ನೊಂದು. ಎರಡನೆಯದನ್ನು ಕೊಲ್ಲೂರಿನ ಆಸುಪಾಸಿನಲ್ಲಿ ಬೆಳೆದವರು ಸುಲಭಕ್ಕೆ ಒಪ್ಪಲಾರರು. ‘ಶ್ರೀದೇವಿ ಮಾಹಾತ್ಮ್ಯೆ’ ಪ್ರಸಂಗದಲ್ಲಿ ದೇವಿಯಾಗುವವನು ಸಂಜೆಯವರೆಗೆ ನಮ್ಮೊಡನೆ ಚಾ ಕುಡಿದ ಮನುಷ್ಯನೇ. ಅವನು ರಂಗಸ್ಥಳಕ್ಕೆ ಬಂದಾಗ ಜನ ಕೈಮುಗಿಯುತ್ತಾರೆ. ಮಹಿಷನನ್ನು ಕೊಲ್ಲುವ ದೇವಿಯ ಪಾತ್ರವನ್ನು ಮನುಷ್ಯ ನಡೆಸಬಹುದು, ಹರಕೆಯ ಆಟ ಆಡಿಸಬಹುದು, ನಡುವೆ ವಿದೂಷಕ ನಗಿಸಬಹುದು. ಆಟವಾಗಿಸಿದ್ದು ಅಪಚಾರವಲ್ಲ. ಮೊದಲನೆಯ ಎಳೆಗೆ ಮಾತ್ರ ತೂಕವಿದೆ. ಕಾಳಿ ಬತ್ತಲೆಯಾದರೂ ಭಯ ಹುಟ್ಟಿಸುವವಳು. ಅವಳನ್ನು ಬೀಚಿನ ಹುಡುಗಿ ಮಾಡಿದರೆ ಹೋದದ್ದು ಬಟ್ಟೆಯಲ್ಲ, ಭಯ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ಕಂಪನಿ 2020ರಲ್ಲಿ ತಂದ ‘ರಾಜಿ’ ಇದಕ್ಕೆ ಒಳ್ಳೆಯ ಉತ್ತರ. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಸರ್ಕಸ್ ಹುಡುಗಿಗೆ ದುರ್ಗೆ ತ್ರಿಶೂಲ ಕೊಡುತ್ತಾಳೆ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಶ್ರುತಿ ಘೋಷ್ ಅದರ ಕಲಾ ನಿರ್ದೇಶಕಿ. ರಾಜಿಯ ಬಟ್ಟೆ ಕುಣಿಯಲಿಕ್ಕೂ ಕಾದಾಡಲಿಕ್ಕೂ ಒದಗುವಂಥದ್ದು.

ರಂಗದ ಮೇಲೆ ಯಾರಿದ್ದಾರೆ ಎನ್ನುವಷ್ಟೇ ಜಾಗಟೆ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಯಕ್ಷಗಾನದಲ್ಲಿ ಜಾಗಟೆ ಹಿಡಿದು ಹಾಡುವ ಭಾಗವತನೇ ನಿರ್ದೇಶಕ. ಆ ಜಾಗದಲ್ಲಿ ವೃತ್ತಿಪರ ಮೇಳದೊಳಗೆ ಮೊದಲು ಕೂತ ಹೆಂಗಸು ಲೀಲಾವತಿ ಬೈಪಾಡಿತ್ತಾಯರು, ತೆಂಕುತಿಟ್ಟಿನವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಹೆಣ್ಣು ಭಾಗವತಿಕೆ ಮಾಡುವುದು ಅಚ್ಚರಿಯ ಸುದ್ದಿಯಾಗಿ ಉಳಿದಿರಲಿಲ್ಲ. ಗೇಮು ಲೋಕದಲ್ಲಿ ನಿರ್ದೇಶನದ ಜಾಗದಲ್ಲಿ ಕೂತ ಹೆಂಗಸರ ಸಾಲು ಹಳೆಯದು, ಆದರೆ ತೆಳು. ಅಮೆರಿಕದ ರೋಬರ್ಟಾ ವಿಲಿಯಮ್ಸ್ 1988ರಲ್ಲೇ ತಮ್ಮ ‘ಕಿಂಗ್ಸ್ ಕ್ವೆಸ್ಟ್’ ಸರಣಿಯ ನಾಲ್ಕನೇ ಕಂತಿಗೆ ರಾಜಕುಮಾರಿಯನ್ನೇ ನಾಯಕಿ ಮಾಡಿದ್ದರು. ಕ್ಲೋಯಿ ಹುಟ್ಟಿದ ‘ಅನ್‌ಚಾರ್ಟೆಡ್ 2’ರ ಸಾರಥ್ಯ ಏಮಿ ಹೆನಿಗ್ ಅವರದ್ದು. ಕ್ಲೋಯಿಗೆ ಸ್ವಂತ ಗೇಮು ಸಿಕ್ಕಾಗ ನಿರ್ದೇಶಕರಾಗಿದ್ದವರು ಇಬ್ಬರು ಗಂಡಸರು. ಹೆನಿಗ್ 2014ರಲ್ಲೇ ಕಂಪನಿ ಬಿಟ್ಟಿದ್ದರು.

ಕ್ಲೋಯಿಯ ಧ್ವನಿ ಆಸ್ಟ್ರೇಲಿಯಾದ ಬಿಳಿಯ ನಟಿ ಕ್ಲಾಡಿಯಾ ಬ್ಲ್ಯಾಕ್ ಅವರದ್ದು, ಕಪ್ಪು ನಡೀನಳಿಗೆ ಧ್ವನಿ ಕೊಟ್ಟವರು ಅಮೆರಿಕದ ಬಿಳಿಯ ನಟಿ ಲಾರಾ ಬೇಲಿ. ಇದಕ್ಕೆ ಟೀಕೆ ಬಂತು. ಸ್ತ್ರೀವೇಷದ ನಾಡಿನವನಾಗಿ ಬೇರೆಯವರ ಧ್ವನಿ ತೊಡುವುದೇ ತಪ್ಪು ಎಂದು ನನ್ನಿಂದ ಹೇಳಲಾಗದು. ಆದರೆ ನಮ್ಮ ರಂಗಸ್ಥಳದಲ್ಲೂ ಹೆಂಗಸರು ಬಹಳ ಕಾಲ ಹೊರಗೇ ಇದ್ದರು ಎಂಬುದು ನೆನಪಾದಾಗ ಟೀಕಿಸಿದವರ ಹೊಟ್ಟೆಯ ಸಂಕಟ ತಿಳಿಯುತ್ತದೆ. ಅದೇ ಲಾರಾ ಬೇಲಿ 2020ರ ‘ದ ಲಾಸ್ಟ್ ಆಫ್ ಅಸ್ 2’ರಲ್ಲಿ ಆ್ಯಬಿ ಎಂಬ ಪಾತ್ರಕ್ಕೂ ಧ್ವನಿಯಾದರು. ಆ್ಯಬಿಗೆ ಕುಸ್ತಿಪಟುವಿನ ತೋಳು. ಜನ ಪ್ರೀತಿಸಿದ ಹಳೆಯ ನಾಯಕನನ್ನು ಕಥೆಯಲ್ಲಿ ಅವಳು ಕೊಲ್ಲುತ್ತಾಳೆ. ಬೇಲಿಗೆ ಕೊಲೆ ಬೆದರಿಕೆಗಳು ಬಂದವು, ಅವುಗಳಲ್ಲಿ ಕೆಲವನ್ನು ಅವರು ಆ ಜುಲೈಯಲ್ಲಿ ಎಲ್ಲರಿಗೂ ತೋರಿಸಿದರು. ಹೆಣ್ಣಿಗೆ ಅಷ್ಟು ಸ್ನಾಯು ಹೇಗೆ ಬಂತು ಎಂಬ ವಾದವೂ ತಿಂಗಳುಗಟ್ಟಲೆ ನಡೆಯಿತು. ಕಸೆ ವೇಷ ನೋಡಿ ಬೆಳೆದವರಿಗೆ ಅದು ವಾದಿಸುವ ವಿಷಯವಾಗಿ ಕಾಣಲಾರದು.

ಗೇಮು ಕಟ್ಟುವ ಈ ಕೆಲಸದ ಒಂದು ಪಾಲು ನಮ್ಮ ರಾಜ್ಯದಲ್ಲೇ ನಡೆಯುತ್ತದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಗೇಮುಗಳಿಗೆ ಚಿತ್ರ, ಮಾದರಿ ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ’ದ ರಾಕ್‌ಸ್ಟಾರ್. ಆ ಸರಣಿಯ 2001ರ ಮೂರನೇ ಕಂತಿನಿಂದ ಐದನೆಯದರವರೆಗೆ ಮುಖ್ಯ ಕಂತುಗಳ ಕಥಾನಾಯಕರೆಲ್ಲ ಗಂಡಸರು. ಹೆಂಗಸರು ಹೆಚ್ಚಾಗಿ ಬೀದಿಯಲ್ಲಿ, ಬಾರಿನಲ್ಲಿ, ಬಟ್ಟೆ ಬಿಚ್ಚುವ ಕ್ಲಬ್ಬಿನಲ್ಲಿ. ಆರನೇ ಕಂತಿನ ಮೊದಲ ಟ್ರೇಲರು 2023ರ ಡಿಸೆಂಬರ್‌ನಲ್ಲಿ ಬಂದಾಗ ಅದು ಶುರುವಾದದ್ದು ಜೈಲಿನ ಸಮವಸ್ತ್ರದಲ್ಲಿದ್ದ ಲೂಸಿಯಾಳಿಂದ. ಅವಳೂ ಕಥಾನಾಯಕಿ. ಕುಂದಾಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ಆ್ಯನಿಮೇಷನ್ ಕಲಿಯುವ ಮಕ್ಕಳು ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಸ್ತ್ರೀವೇಷದ ಒಡ್ಡೋಲಗ ನೋಡಿದ ಕಣ್ಣಿದ್ದರೆ ಮುಂದೊಂದು ದಿನ ಯಾವುದೋ ನಾಯಕಿಯ ಹೆಜ್ಜೆಗೆ ಅದು ಒದಗೀತು.

ಅಲ್ಲಿಯವರೆಗೆ ಬಿಜಿಎಂಐ. ಹುಡುಗರು ಹೆಣ್ಣಾಗಿ ಆಡುತ್ತಿರುವಾಗ, ಹುಡುಗಿಯರಲ್ಲಿ ಹಲವರು ಗಂಡು ಪಾತ್ರ ಇಟ್ಟುಕೊಂಡು ಮೈಕ್ ಮುಚ್ಚಿ ಆಡುತ್ತಾರೆ. ಧ್ವನಿ ಕೇಳಿದ ಕೂಡಲೇ ಗುರುತಿಲ್ಲದ ತಂಡದವನೊಬ್ಬ ನಂಬರು ಕೇಳುತ್ತಾನೆ, ಇಲ್ಲವೇ ಬಾಯಿಗೆ ಬಂದದ್ದು ಆಡುತ್ತಾನೆ. ಆ ಪಿಯುಸಿ ಹುಡುಗನ ತಂಗಿಯೂ ಹಾಗೆಯೇ ಆಡುವುದು. ಅವಳ ಗುರಿ ತನ್ನದಕ್ಕಿಂತ ಪಕ್ಕಾ ಎಂದು ಹೇಳಿದವನು ಅವನೇ. ಜತೆಗಾರ ಪೆಟ್ಟು ತಿಂದು ಬಿದ್ದಾಗ ಎಬ್ಬಿಸಲು ಕೂಗಿ ಹೇಳಲಾಗದ್ದರಿಂದ ಮಾತ್ರ ಕೆಲವೊಮ್ಮೆ ಆಟ ಸೋಲುತ್ತದಂತೆ.